ಮನೆಯೊಳಗೇ ಒಂದು ಹರಟೆ ಮೂಲೆ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹವ್ಯಾಸಿ ನಾಟಕ ತಂಡವೊಂದರಲ್ಲಿ ರಂಗಸಜ್ಜಿಕೆ ಮತ್ತು ಬೆಳಕಿನ ಕೆಲಸ ಮಾಡುವವಳು ನಾನು. ನಮ್ಮ ತಂಡದ ಬಜೆಟ್ ಎಂದರೆ ಹೆಚ್ಚುಕಡಿಮೆ ಬಜೆಟ್ ಇಲ್ಲ ಎಂದೇ ಅರ್ಥ. ಒಂದು ಮಂಚ, ಎರಡು ಕುರ್ಚಿ, ಯಾರದೋ ಮನೆಯ ಹಳೆ ಪರದೆ, ನಾಲ್ಕು ದೀಪ. ಇಷ್ಟರಲ್ಲೇ ಎದುರಿಗೆ ಕೂತವರಿಗೆ ಅದೊಂದು ಮನೆ ಅನ್ನಿಸಬೇಕು, ಆ ಮನೆಯಲ್ಲಿ ಜನ ಬದುಕುತ್ತಿದ್ದಾರೆ ಅನ್ನಿಸಬೇಕು. ಈ ಕೆಲಸ ಮಾಡಿ ಮಾಡಿ ನನಗೆ ಗಟ್ಟಿಯಾಗಿರುವ ಮಾತು ಒಂದೇ: ಆಸನ ಮತ್ತು ಬೆಳಕು ಸರಿಯಾಗಿದ್ದರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಅವೆರಡು ಕೆಟ್ಟರೆ ಗೋಡೆಗೆ ಏನು ತಂದು ನೇತುಹಾಕಿದರೂ ಅಲ್ಲಿ ಯಾರೂ ಹತ್ತು ನಿಮಿಷ ಕೂರುವುದಿಲ್ಲ.

ಮನೆಯಲ್ಲಿ ನಿಮ್ಮದೇ ಒಂದು ಮೂಲೆ ಮಾಡಿಕೊಳ್ಳಬೇಕು, ಗೆಳೆಯರು ಬಂದರೆ ಹರಟೆ, ಯಾರೂ ಇಲ್ಲದಾಗ ಓದು ಅಥವಾ ಸಿನಿಮಾ, ಜೇಬಿಗೂ ಭಾರವಾಗಬಾರದು ಅಂತಿದ್ದರೆ, ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧ ಆಸನಕ್ಕೆ, ಕಾಲು ಭಾಗ ಬೆಳಕಿಗೆ ಎತ್ತಿಡಿ. ಉಳಿದ ಕಾಲು ಭಾಗವನ್ನು ಮುಟ್ಟಲೇಬೇಡಿ. ಒಂದು ತಿಂಗಳು ಬಳಸಿದ ಮೇಲೆ ಏನು ಬೇಕು ಅನ್ನುವುದು ಆ ಜಾಗವೇ ಹೇಳುತ್ತದೆ.

ಮೊದಲು ನೆಲದ ಮೇಲೆ ಟೇಪು

ಬೇರೆ ಕೋಣೆಯೇ ಬೇಕೆಂದೇನಿಲ್ಲ. ಇಬ್ಬರು ಆರಾಮವಾಗಿ ಕೂರಲು ಆರು ಅಡಿ ಉದ್ದ, ಐದು ಅಡಿ ಅಗಲ ಸಾಕು. ಮೆಟ್ಟಿಲ ಕೆಳಗಿನ ಜಾಗ, ಪ್ಯಾಸೇಜಿನ ಕೊನೆ, ಬೀರುವಿನ ಪಕ್ಕ ಸುಮ್ಮನೆ ಖಾಲಿ ಬಿದ್ದಿರುವ ಸಂದು, ಮಳೆ ಹೊಡೆಯದ ಬಾಲ್ಕನಿ, ಯಾವುದಾದರೂ ಆದೀತು. ತಾಲೀಮಿನ ಹಾಲ್‌ನಲ್ಲಿ ನಾವು ಸೆಟ್ ಕಟ್ಟುವ ಮುಂಚೆ ಬಾಗಿಲು ಎಲ್ಲಿ, ಮಂಚ ಎಲ್ಲಿ ಅಂತ ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತೇವೆ. ನಟರು ಆ ಗೆರೆಗಳ ನಡುವೆಯೇ ಓಡಾಡಿ ಅಭ್ಯಾಸ ಮಾಡುತ್ತಾರೆ. ಮನೆಯಲ್ಲೂ ಅದನ್ನೇ ಮಾಡಿ. ಕೊಳ್ಳಬೇಕೆಂದಿರುವ ಸೋಫಾದ ಅಳತೆ, ಸ್ಟೂಲಿನ ಅಳತೆ ಎರಡನ್ನೂ ಪೇಂಟಿಂಗ್ ಟೇಪಿನಲ್ಲಿ ನೆಲದ ಮೇಲೆ ಬರೆದುಬಿಡಿ. ಟೇಪು ಇಲ್ಲದಿದ್ದರೆ ಹಳೆ ಪೇಪರ್ ಹಾಸಿ. ನಾಲ್ಕೈದು ದಿನ ಅದರ ಸುತ್ತಲೇ ಓಡಾಡಿ. ಮನೆಯವರು ಮತ್ತೆಮತ್ತೆ ಗೆರೆ ತುಳಿದುಕೊಂಡು ಹೋಗುತ್ತಿದ್ದರೆ ಅದು ದಾರಿ, ಕೂರುವ ಜಾಗ ಅಲ್ಲ. ನಡೆದಾಡಲು ಕನಿಷ್ಠ ಎರಡೂವರೆ ಅಡಿಯಾದರೂ ಬಿಡಬೇಕು, ಮೂರು ಅಡಿ ಇದ್ದರೆ ಇನ್ನೂ ಒಳ್ಳೆಯದು.

ಹಾಗೇ ಒಂದು ಚಾಪೆ, ಒಂದು ದಿಂಬು ಹಾಕಿಕೊಂಡು, ನೀವು ನಿಜವಾಗಿ ಆ ಜಾಗ ಬಳಸುವ ಹೊತ್ತಿನಲ್ಲೇ ಕೂತು ನೋಡಿ. ರಾತ್ರಿ ಒಂಬತ್ತಕ್ಕೆ ಬಳಸುವ ಮೂಲೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ಬೆನ್ನ ಹಿಂದೆ ಗೋಡೆ ಇದೆಯೇ? ಕೂತಲ್ಲಿಂದ ಬಾಗಿಲು ಕಾಣುತ್ತದೆಯೇ? ಬೆನ್ನು ಬಯಲಿಗೆ ಕೊಟ್ಟು ಕೂತವರು ಯಾಕೋ ನಿರಾಳವಾಗುವುದಿಲ್ಲ, ವೇದಿಕೆಯ ಮೇಲೂ ಹಾಗೇ. ಪಕ್ಕದ ಕೋಣೆಯ ಟಿವಿ ಎಷ್ಟು ಕೇಳಿಸುತ್ತದೆ, ಸಂಜೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆಯೇ, ಪ್ಲಗ್ ಪಾಯಿಂಟ್ ಎಷ್ಟು ದೂರ, ಮೊಬೈಲಿಗೆ ಸಿಗ್ನಲ್ ಸಿಗುತ್ತದೆಯೇ? ಒಂದು ಪೈಸೆ ಖರ್ಚಿಲ್ಲದೆ ಇಷ್ಟೂ ತಿಳಿದುಬಿಡುತ್ತದೆ.

ಇನ್ನೊಂದು ಪ್ರಶ್ನೆಯನ್ನು ಈ ಹಂತದಲ್ಲೇ ಇತ್ಯರ್ಥ ಮಾಡಿಕೊಳ್ಳಿ: ಈ ಮೂಲೆ ಮುಖ್ಯವಾಗಿ ಯಾವುದಕ್ಕೆ? ಓದು, ಹರಟೆ, ಗೇಮ್, ಸಿನಿಮಾ ಎಲ್ಲದಕ್ಕೂ ಅಂದರೆ ಯಾವುದಕ್ಕೂ ಆಗದ ಹಾಗಿರುತ್ತದೆ. ಒಂದನ್ನು ಮುಂದೆ ಇಟ್ಟುಕೊಳ್ಳಿ, ಉಳಿದವು ಹೊಂದಿಕೊಳ್ಳಲಿ. ನನ್ನದು ಹರಟೆಗೆ. ಆದ್ದರಿಂದ ಮುಂದಿನ ಮಾತುಗಳಲ್ಲಿ ಪಕ್ಷಪಾತ ಕಂಡರೆ ಅಚ್ಚರಿಪಡಬೇಡಿ.

ಆಸನ: ಖರ್ಚು ಇಲ್ಲೇ ಮಾಡಿ

ಕೊಳ್ಳುವುದಕ್ಕಿಂತ ಮೊದಲು ಜೋಡಣೆ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ವೃದ್ಧರ ವಾರ್ಡನ್ನು ಹೊಸದಾಗಿ ಚೆಂದಗೊಳಿಸಿದ್ದರು. ಬಣ್ಣ ಹೊಸದು, ಕುರ್ಚಿಗಳು ಹೊಸವು, ಆದರೆ ಅಲ್ಲಿದ್ದವರು ಮಾತ್ರ ಒಬ್ಬರೊಂದಿಗೊಬ್ಬರು ಮಾತಾಡುತ್ತಲೇ ಇರಲಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೋಮರ್ ನೋಡಿದಾಗ ಕುರ್ಚಿಗಳೆಲ್ಲ ಗೋಡೆಗೆ ಒತ್ತಿಕೊಂಡು ಸಾಲಾಗಿದ್ದವು. ಅವನ್ನು ಎಳೆದು ಸಣ್ಣ ಸಣ್ಣ ಮೇಜುಗಳ ಸುತ್ತ ಹಾಕಿಸಿದರು. ಕೆಲವು ವಾರಗಳಲ್ಲಿ ಮಾತುಕತೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಕುರ್ಚಿಗಳು ಅವೇ, ಜನರೂ ಅವರೇ. ನಮ್ಮ ಹಾಲ್‌ಗಳನ್ನು ಒಮ್ಮೆ ನೋಡಿ: ಸೋಫಾ ಒಂದು ಗೋಡೆಗೆ, ಕುರ್ಚಿ ಇನ್ನೊಂದಕ್ಕೆ, ನಡುವೆ ಮೈದಾನ. ಬಂದವರು ಟಿವಿ ನೋಡದೆ ಇನ್ನೇನು ಮಾಡಬೇಕು?

ಹರಟೆಗೆ ಅತ್ಯುತ್ತಮ ಜೋಡಣೆ ಎಂದರೆ ಎರಡು ಆಸನಗಳು ಒಂದು ಮೂಲೆಯನ್ನು ಹಂಚಿಕೊಂಡಂತೆ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಇರುವುದು. ನೇರ ಎದುರಾಬದುರು ಕೂರಿಸಿದರೆ ಸಂದರ್ಶನ ನಡೆದಂತಾಗುತ್ತದೆ, ಪಕ್ಕಪಕ್ಕ ಕೂರಿಸಿದರೆ ಬಸ್ಸಿಗೆ ಕಾಯುತ್ತಿರುವ ಹಾಗೆ. ಮೂಲೆಯಲ್ಲಿ ಕೂತವರು ಬೇಕೆಂದಾಗ ಮುಖ ನೋಡಬಹುದು, ಬೇಡವಾದಾಗ ಮುಜುಗರವಿಲ್ಲದೆ ಬೇರೆಡೆ ನೋಡಬಹುದು. ಮುಖದಿಂದ ಮುಖಕ್ಕೆ ನಾಲ್ಕರಿಂದ ಐದು ಅಡಿ ದೂರವಿರಲಿ. ಎಂಟು ಅಡಿ ದಾಟಿದರೆ ದನಿ ಎತ್ತಬೇಕಾಗುತ್ತದೆ, ದನಿ ಎತ್ತಿ ಗುಟ್ಟು ಹೇಳಲಾಗುವುದಿಲ್ಲ.

ಇನ್ನು ಎತ್ತರ. ಸಾಮಾನ್ಯ ಕುರ್ಚಿಯ ಆಸನ ನೆಲದಿಂದ 45 ಸೆಂ.ಮೀ. ಆಸುಪಾಸು. ಒರಗಿ ಕೂರುವ ಆಸನಕ್ಕೆ 35ರಿಂದ 40 ಸೆಂ.ಮೀ. ಸಾಕು. ಆಳ 55 ಸೆಂ.ಮೀ.ಗಿಂತ ಹೆಚ್ಚಾದರೆ ಗಿಡ್ಡ ಇರುವವರ ಕಾಲು ನೇತಾಡುತ್ತದೆ, ಬೆನ್ನಿಗೆ ಆಸರೆ ಸಿಗುವುದಿಲ್ಲ. ಆಗ ಹಿಂದೊಂದು ದಪ್ಪ ದಿಂಬು ಇಡಿ. ನೆಲದಾಸನ ಎಲ್ಲಕ್ಕಿಂತ ಅಗ್ಗ, ನೋಡಲೂ ಚೆಂದ. ಆದರೆ ಮಂಡಿನೋವಿನವರು ಒಬ್ಬರಾದರೂ ಬರುತ್ತಾರೆ. ಅವರಿಗಾಗಿ ಕೈಹಿಡಿ ಇರುವ ಒಂದು ಸರಿಯಾದ ಕುರ್ಚಿ ಇರಲೇಬೇಕು.

ಹಳೆಯ ಫೋಮ್ ಹಾಸಿಗೆ ಮನೆಯಲ್ಲಿ ಬಿದ್ದಿದ್ದರೆ ನೀವು ಅರ್ಧ ಗೆದ್ದಂತೆ. ಮಧ್ಯಭಾಗ ಕುಸಿದಿರುತ್ತದೆ, ಅಂಚುಗಳು ಗಟ್ಟಿಯಾಗೇ ಇರುತ್ತವೆ. ಅಂಚಿನಿಂದಲೇ ಕತ್ತರಿಸಿಕೊಳ್ಳಿ. ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು, ಗೆರೆಯ ಪಕ್ಕ ಉದ್ದನೆಯ ಹಲಗೆ ಇಟ್ಟು ಮೊಣಕಾಲಿನಿಂದ ಒತ್ತಿ, ಬ್ರೆಡ್ ಕೊಯ್ಯುವ ಗರಗಸದ ಹಲ್ಲಿನ ಚಾಕುವಿನಿಂದ ಉದ್ದುದ್ದ ಎಳೆದು ಕೊಯ್ಯಿರಿ. ಕತ್ತರಿಯಿಂದ ಹೊರಟರೆ ಅಂಚು ಇಲಿ ಕಡಿದಂತಾಗುತ್ತದೆ. ಹೊಸ ಫೋಮ್ ಕೊಳ್ಳುವುದಾದರೆ ದಪ್ಪ ನೋಡಿ ಮರುಳಾಗದೆ ಸಾಂದ್ರತೆ ಕೇಳಿ. ಕೂರುವುದಕ್ಕೆ ಘನಮೀಟರಿಗೆ 32 ಕಿಲೋ ಅಥವಾ ಅದಕ್ಕಿಂತ ಹೆಚ್ಚಿನದು ಬೇಕು, ದಪ್ಪ 10 ಸೆಂ.ಮೀ. ಇರಲಿ. ಅದಕ್ಕಿಂತ ಹಗುರಾದದ್ದು ಬೆನ್ನಿಗೆ ಒರಗಲು ಸರಿ, ಕೂತರೆ ಕೆಲವೇ ತಿಂಗಳಲ್ಲಿ ಹಪ್ಪಳ.

ಕುಶನ್ ಕವರಿಗೆ ಜಿಪ್ಪು, ಗುಂಡಿ ಏನೂ ಬೇಡ. 45 ಸೆಂ.ಮೀ. ಚೌಕದ ಕುಶನ್ನಿಗೆ 47 ಸೆಂ.ಮೀ. ಅಗಲ, 110 ಸೆಂ.ಮೀ. ಉದ್ದದ ಬಟ್ಟೆ ಸಾಕು. ಹಳೆ ಪರದೆ, ಜೀನ್ಸ್, ದಪ್ಪ ಬೆಡ್‌ಶೀಟ್ ಎಲ್ಲವೂ ಆಗುತ್ತವೆ. ಎರಡೂ ಗಿಡ್ಡ ಅಂಚುಗಳನ್ನು ಮಡಿಸಿ ಹೊಲಿಯಿರಿ. ಬಟ್ಟೆಯ ಒಳ್ಳೆಯ ಮುಖ ಮೇಲೆ ಬರುವಂತೆ ಹಾಸಿ, ಎರಡೂ ತುದಿಗಳನ್ನು ಮಧ್ಯಕ್ಕೆ ತಂದು ಒಂದರ ಮೇಲೊಂದು ಸುಮಾರು 15 ಸೆಂ.ಮೀ. ಬರುವ ಹಾಗೆ ಮಡಿಸಿ. ಈಗ ಚೌಕ ಸಿಕ್ಕಿತಲ್ಲ, ತೆರೆದಿರುವ ಎರಡು ಪಕ್ಕಗಳನ್ನು ಒಂದು ಸೆಂ.ಮೀ. ಒಳಗೆ ಹೊಲಿದು, ಒಳಮೈ ಹೊರಮೈ ಮಗುಚಿ. ಮುಗಿಯಿತು. ಹಿಂದಿನ ಸಂದಿಯಿಂದ ಕುಶನ್ ತೂರಿಸಿದರೆ ತೆರೆದ ಬಾಯಿ ಕಾಣುವುದೇ ಇಲ್ಲ. ಕವರು ಕುಶನ್ನಿಗಿಂತ ಎರಡು ಸೆಂ.ಮೀ. ಚಿಕ್ಕದಾದರೆ ಇನ್ನೂ ತುಂಬಿಕೊಂಡು ಕಾಣುತ್ತದೆ, ಹಾಗಾಗಿ ಅಳತೆ ಹೆಚ್ಚಾಗುವುದಕ್ಕಿಂತ ಕಡಿಮೆಯಾಗುವುದೇ ಮೇಲು.

ಸೆಕೆಂಡ್ ಹ್ಯಾಂಡ್ ಸೋಫಾ ನೋಡಲು ಹೋದರೆ ಕೂತು ಮಾತ್ರ ನೋಡಿ ಬರಬೇಡಿ. ಮುಂದಿನ ಒಂದು ಕಾಲನ್ನು ಒಂದು ಗೇಣಿನಷ್ಟು ಮೇಲೆತ್ತಿ. ಮುಂದಿನ ಇನ್ನೊಂದು ಕಾಲೂ ಜೊತೆಗೇ ಎದ್ದರೆ ಚೌಕಟ್ಟು ಗಟ್ಟಿ. ಅದು ನೆಲ ಬಿಡದೆ ಸೋಫಾ ತಿರುಚಿಕೊಂಡರೆ ಬಿಟ್ಟು ಬನ್ನಿ, ಎಷ್ಟೇ ಅಗ್ಗವಾಗಿದ್ದರೂ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಹೊಲಿಗೆಯ ಸಂದುಗಳನ್ನು ಬಿಡಿಸಿ ನೋಡಿ. ಪೆನ್ನಿನ ತುದಿ ತಾಗಿಸಿದಂತಹ ಕಪ್ಪು ಚುಕ್ಕೆಗಳು ಸಾಲಾಗಿದ್ದರೆ ತಿಗಣೆ ಇದೆ ಎಂದು ತಿಳಿಯಿರಿ. ಬಿಟ್ಟಿ ಸಿಕ್ಕ ಸೋಫಾದ ಜೊತೆ ತಿಗಣೆ ಬಂದರೆ ಆಮೇಲಿನ ಖರ್ಚು ಹೊಸ ಸೋಫಾದ ಬೆಲೆಯನ್ನೇ ಮೀರಬಹುದು.

ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳನ್ನು ಜೋಡಿಸಿ ಆಸನ ಮಾಡುವವರು ಬಹಳ ಜನ. ಅದು ಒಳ್ಳೆಯ ಉಪಾಯವೇ, ಆದರೆ ಪಕ್ಕದಲ್ಲಿ ಸುಟ್ಟು ಒತ್ತಿದ ಮುದ್ರೆ ನೋಡಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್‌ಗಳಿಗೆ ಕೀಟನಾಶದ ಉಪಚಾರ ಕಡ್ಡಾಯ, ಅದು ಯಾವುದೆಂದು ಅಲ್ಲಿ ಬರೆದಿರುತ್ತದೆ. ಎಚ್‌ಟಿ ಎಂದಿದ್ದರೆ ಬಿಸಿಯಲ್ಲಿ ಸಂಸ್ಕರಿಸಿದ್ದು, ತೆಗೆದುಕೊಳ್ಳಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಮನೆಯೊಳಗೆ ಬೇಡ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇರುವುದೂ ಬೇಡ. ತಂದದ್ದನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಇಲ್ಲವಾದರೆ ಸಿಬಿರು ತೆಗೆಯುವುದೇ ಒಂದು ಕೆಲಸವಾಗುತ್ತದೆ.

ಬೆಳಕು

ಮೊದಲ ಕೆಲಸ: ಸೀಲಿಂಗ್ ಮೇಲಿನ ಟ್ಯೂಬ್‌ಲೈಟ್ ಆರಿಸಿ. ತಲೆಯ ಮೇಲಿಂದ ನೇರ ಸುರಿಯುವ ಬೆಳಕು ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ನೆರಳು ಹಾಕಿ ಎಲ್ಲರನ್ನೂ ದಣಿದವರಂತೆ ತೋರಿಸುತ್ತದೆ. ನಾಟಕದಲ್ಲಿ ಪೊಲೀಸ್ ವಿಚಾರಣೆಯ ದೃಶ್ಯಕ್ಕೆ ನಾವು ಬೇಕೆಂದೇ ಆ ಬೆಳಕು ಹಾಕುವುದು.

ಒಂದು ದೊಡ್ಡ ದೀಪದ ಬದಲು ಬೇರೆ ಬೇರೆ ಎತ್ತರದಲ್ಲಿ ಮೂರು ಸಣ್ಣ ದೀಪಗಳಿರಲಿ. ಬಲ್ಬಿನ ಡಬ್ಬಿಯ ಮೇಲೆ ಎರಡು ಅಂಕಿ ನೋಡಿ. ಮೊದಲನೆಯದು ಕೆಲ್ವಿನ್, ಅಂದರೆ ಬೆಳಕಿನ ಬಣ್ಣ. 2700ರಿಂದ 3000 ಇದ್ದರೆ ಬೆಚ್ಚಗಿನ ಹಳದಿ, 6500 ಇದ್ದರೆ ಆಫೀಸಿನ ನೀಲಿ ಬಿಳುಪು. ಎರಡನೆಯದು ಲ್ಯೂಮೆನ್, ಎಷ್ಟು ಬೆಳಕು ಎಂಬುದು. ಹಳೆಯ 60 ವಾಟಿನ ಬಲ್ಬು ಕೊಡುತ್ತಿದ್ದ 800 ಲ್ಯೂಮೆನ್ನನ್ನು ಈಗಿನ 9 ವಾಟಿನ ಎಲ್ಇಡಿ ಕೊಡುತ್ತದೆ. ಹರಟೆಯ ಮೂಲೆಗೆ ಪ್ರತಿ ದೀಪವೂ 400 ಲ್ಯೂಮೆನ್ ಇದ್ದರೆ ಸಾಕು. ಮೂರೂ ದೀಪಗಳ ಕೆಲ್ವಿನ್ ಒಂದೇ ಇರಲಿ. ಒಂದು ಹಳದಿ, ಒಂದು ಬಿಳಿ ಆದರೆ ಎಷ್ಟು ಖರ್ಚು ಮಾಡಿದರೂ ಜಾಗ ಅರೆಬರೆ ಕಾಣುತ್ತದೆ.

ರಂಗದ ಮೇಲಿನ ಒಂದು ಉಪಾಯ ಮನೆಗೂ ಒಗ್ಗುತ್ತದೆ: ದೀಪವನ್ನು ಜನರ ಕಡೆಗೆ ತಿರುಗಿಸಬೇಡಿ, ಗೋಡೆಗೆ ತಿರುಗಿಸಿ. ಪುಸ್ತಕದ ಕಪಾಟಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ದೀಪ ತಂದು, ಗೋಡೆಯಿಂದ ಒಂದು ಗೇಣು ದೂರದಲ್ಲಿ ಗೋಡೆಗೇ ಮುಖಮಾಡಿ ಹಾಕಿ. ಬೆಳಕು ತಿಳಿಬಣ್ಣದ ಗೋಡೆಗೆ ಬಡಿದು ಮೆತ್ತಗಾಗಿ ಹರಡುತ್ತದೆ, ಬಲ್ಬು ಕಣ್ಣಿಗೆ ಬೀಳುವುದಿಲ್ಲ, ಮೂಲೆ ಇದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ಪಕ್ಕದ ಮೇಜಿನ ದೀಪಕ್ಕೆ ಶೇಡ್ ಇದ್ದರೆ ಅದರ ಕೆಳಅಂಚು ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಬರಲಿ. ಓದುವ ದೀಪ ಭುಜದ ಹಿಂದಿನಿಂದ ಬರಬೇಕು. ಕಾಗದದ ಶೇಡ್ ಮಾಡಿಕೊಳ್ಳುವುದಾದರೆ ಒಳಗೆ ಎಲ್ಇಡಿ ಬಲ್ಬೇ ಇರಲಿ, ಕಾಗದ ಬಲ್ಬಿಗೆ ತಾಗದಿರಲಿ. ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಹಾಕುವವರು ಡಿಮ್ ಆಗುವ ಬಲ್ಬೇ ಎಂದು ಖಚಿತಪಡಿಸಿಕೊಳ್ಳಿ. ಎಲ್ಲ ಎಲ್ಇಡಿಗಳೂ ಡಿಮ್ಮರಿಗೆ ಒಗ್ಗುವುದಿಲ್ಲ, ಮಿಣಮಿಣ ಅನ್ನುತ್ತವೆ.

ವೈರಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಚುಚ್ಚಬೇಡಿ, ವೈರನ್ನು ರಗ್ಗಿನ ಕೆಳಗೆ ಹಾಯಿಸಬೇಡಿ. ಹೀಟರ್, ಕೆಟಲ್‌ನಂಥವು ನೇರ ಗೋಡೆಯ ಪ್ಲಗ್ಗಿಗೇ ಹೋಗಲಿ.

ಸದ್ದು, ಗೋಡೆ, ಗಿಡ

ಮೂಲೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಟಣ್ ಎಂದು ಬಾಲ ಎಳೆದರೆ ಅಲ್ಲಿ ಮೂರು ಜನ ಒಟ್ಟಿಗೆ ಮಾತಾಡಿದಾಗ ಗಲಾಟೆಯಾಗುತ್ತದೆ. ನೆಲಕ್ಕೆ ರಗ್ಗು, ಕಿಟಕಿಗೆ ಅದರ ಅಗಲದ ಎರಡು ಪಟ್ಟು ಬಟ್ಟೆಯಿರುವ ನಿರಿಗೆ ಪರದೆ, ಒಂದು ಗೋಡೆಗೆ ಪುಸ್ತಕಗಳು, ಇಷ್ಟಾದರೆ ಸಾಕಷ್ಟು ಇಳಿಯುತ್ತದೆ. ಗೋಡೆಗೆ ಅಂಟಿಸುವ ತೆಳು ಫೋಮ್ ತಂದರೆ ಪಕ್ಕದ ಮನೆಯ ಸದ್ದು ನಿಲ್ಲುತ್ತದೆ ಎಂದು ನಂಬಿದವರಿದ್ದಾರೆ. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತದೆ ಅಷ್ಟೇ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಆ ದುಡ್ಡಿಗಿಂತ ಬಾಗಿಲ ಕೆಳಗಿನ ಸಂದಿಗೆ ಸುರುಳಿ ಸುತ್ತಿದ ಹಳೆ ಟವೆಲ್ ಹೆಚ್ಚು ಕೆಲಸ ಮಾಡುತ್ತದೆ.

ಬಾಡಿಗೆ ಮನೆಯಾಗಿದ್ದು ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹಾಲ್‌ನ ಒಂದು ಭಾಗ ಮರೆ ಮಾಡಬೇಕು ಅಂದರೆ ನಮ್ಮ ರಂಗದ ಫ್ಲಾಟ್, ಅಂದರೆ ಚೌಕಟ್ಟಿಗೆ ಬಟ್ಟೆ ಬಿಗಿದ ಹುಸಿಗೋಡೆ, ಇದೆಯಲ್ಲ! ಎರಡು ಇಂಚಿನ ಮರದ ಪಟ್ಟಿಗಳಿಂದ ಎರಡು ಅಡಿ ಅಗಲ, ಆರು ಅಡಿ ಎತ್ತರದ ಚೌಕಟ್ಟು ಕಟ್ಟಿ, ನಾಲ್ಕೂ ಮೂಲೆಗೆ ತ್ರಿಕೋನದ ಪ್ಲೈವುಡ್ ತುಂಡು ಹೊಡೆಯಿರಿ, ಆ ತುಂಡುಗಳೇ ಚೌಕಟ್ಟು ಅಲ್ಲಾಡದಂತೆ ಹಿಡಿಯುವುದು. ಅದರ ಮೇಲೆ ಬಟ್ಟೆ ಬಿಗಿದು, ಹಿಂಬದಿಗೆ ಸ್ಟೇಪಲ್ ಮಾಡಿ. ಬಟ್ಟೆ ಬಿಗಿಯುವಾಗ ಪ್ರತಿ ಪಕ್ಕದ ಮಧ್ಯದಿಂದ ಶುರುಮಾಡಿ ಮೂಲೆಯ ಕಡೆ ಹೋಗಬೇಕು, ಮೂಲೆಯಿಂದ ಶುರುಮಾಡಿದರೆ ಸುಕ್ಕು ಬಿದ್ದೇ ಬೀಳುತ್ತದೆ. ಇಂಥ ಮೂರನ್ನು ಕಬ್ಜಾ ಹಾಕಿ ಜೋಡಿಸಿದರೆ ಅಂಕುಡೊಂಕಾಗಿ ತಾನೇ ನಿಲ್ಲುವ ತಡಿಕೆ. ಮನೆ ಬದಲಿಸಿದಾಗ ಮಡಚಿ ಒಯ್ಯಬಹುದು. ಎತ್ತರದ ಪುಸ್ತಕದ ಕಪಾಟನ್ನು ಮಾತ್ರ ಮನೆ ಮಾಲೀಕರನ್ನು ಒಪ್ಪಿಸಿಯಾದರೂ ಗೋಡೆಗೆ ಬಿಗಿಯಲೇಬೇಕು, ಮಕ್ಕಳಿರುವ ಮನೆಯಲ್ಲಂತೂ.

ಬಣ್ಣ ಹೊಡೆಯುವ ಸ್ವಾತಂತ್ರ್ಯ ಇದ್ದರೆ ಒಂದೇ ಗೋಡೆಗೆ ಹೊಡೆಯಿರಿ. ನಯವಾದ ಗೋಡೆಯಲ್ಲಿ ಒಂದು ಲೀಟರ್ ಸುಮಾರು 10 ಚದರ ಮೀಟರಿಗೆ ಒಂದು ಕೋಟ್ ಆಗುತ್ತದೆ, ಸಣ್ಣ ಡಬ್ಬಿಯಲ್ಲೇ ಕೆಲಸ ಮುಗಿಯಬಹುದು.

ಗಿಡ ಇಡಿ, ಚೆಂದಕ್ಕೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಕಡಿಮೆ ಬೆಳಕಿನಲ್ಲೂ ತಾಳುತ್ತವೆ. ಗಾಳಿ ಶುದ್ಧ ಮಾಡುತ್ತವೆ ಎಂಬ ಮಾತು 1989ರ ನಾಸಾ ಅಧ್ಯಯನದಿಂದ ಹಬ್ಬಿದ್ದು. ಆ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಬಂದ ಲೇಖನದ ಲೆಕ್ಕದಂತೆ, ಕಿಟಕಿಯ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಕಿಟಕಿ ತೆರೆಯುವುದು ಬಿಟ್ಟಿ.

ಕೈಗೆಟುಕುವಷ್ಟು ದೂರ

ಮೂಲೆ ಬಳಕೆಯಾಗುವುದೋ ಇಲ್ಲವೋ ಎನ್ನುವುದು ಕೊನೆಗೆ ನಿಂತಿರುವುದು ಸಣ್ಣ ಸಂಗತಿಗಳ ಮೇಲೆ. ಕೂತವರು ಪ್ರತಿಯೊಬ್ಬರಿಗೂ ಎದ್ದೇಳದೆ ಲೋಟ ಇಡಲು ಒಂದು ಜಾಗ ಬೇಕು, ಅದರ ಎತ್ತರ ಕುರ್ಚಿಯ ಕೈಹಿಡಿಯಷ್ಟೇ ಇರಬೇಕು. ಸ್ಟೂಲು, ಬೋರಲು ಹಾಕಿದ ಮರದ ಪೆಟ್ಟಿಗೆ, ಗಟ್ಟಿ ಸೂಟ್‌ಕೇಸ್, ಏನಾದರೂ ಸರಿ. ಫೋನ್ ಚಾರ್ಜರ್ ಅಲ್ಲೇ ಇರಲಿ, ಹೊದೆಯಲು ಒಂದು ಹೊದಿಕೆ, ಪುಟ್ಟ ಕಸದ ಬುಟ್ಟಿ ಇರಲಿ. ಇವಿಲ್ಲದಿದ್ದರೆ ಜನ ಒಂದೊಂದಕ್ಕೆ ಎದ್ದು ಹೋಗಿ, ಹೋದಲ್ಲೇ ಕೂರುತ್ತಾರೆ.

ಮನೆಯವರೊಂದಿಗೆ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಖಾಲಿ ಕುರ್ಚಿ ಕಂಡ ಕಡೆ ಒಣಗಿದ ಬಟ್ಟೆ ಬಂದು ಬೀಳುವುದು ಎಲ್ಲ ಮನೆಗಳ ನಿಯಮ. ಅದನ್ನು ಮಡಿಸುವವರೆಗೆ ಇಡಲು ಬೇರೆಲ್ಲಾದರೂ ಒಂದು ಬುಟ್ಟಿ ಕೊಟ್ಟರೆ ಮಾತ್ರ ನಿಮ್ಮ ಕುರ್ಚಿ ಉಳಿಯುತ್ತದೆ. 'ಇಲ್ಲಿ ಹಾಕಬೇಡಿ' ಎಂದು ಚೀಟಿ ಅಂಟಿಸಿದರೆ ಚೀಟಿಯ ಮೇಲೇ ಹಾಕುತ್ತಾರೆ.

ಏನು ಬೇಡ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೀನ್ ಬ್ಯಾಗ್ ಅಂಗಡಿಯಲ್ಲಿ ಕೂತಾಗ ಸ್ವರ್ಗ, ಆದರೆ ಒಳಗಿನ ಥರ್ಮೋಕೋಲ್ ಮಣಿಗಳು ಒತ್ತಿ ಒತ್ತಿ ಕುಗ್ಗುತ್ತವೆ, ಮತ್ತೆಮತ್ತೆ ತುಂಬಿಸುತ್ತಿರಬೇಕು. ಸೀಲಿಂಗಿಗೆ ನೇತುಹಾಕುವ ತೂಗುಕುರ್ಚಿಗೆ ಕೊಕ್ಕೆ ಹಾಕಿಸುವ ಖರ್ಚು, ಕುರ್ಚಿಯ ಖರ್ಚು ಎರಡೂ ಸೇರಿಸಿ ಲೆಕ್ಕ ಹಾಕಿ. ತೂಗಿದಾಗ ಬೀಳುವ ಎಳೆತ ಸುಮ್ಮನೆ ಕೂತಾಗಿನ ಭಾರಕ್ಕಿಂತ ಹೆಚ್ಚು, ಫ್ಯಾನಿನ ಕೊಕ್ಕೆಗೆ ಕಟ್ಟುವುದಂತೂ ಬೇಡವೇ ಬೇಡ. ಪ್ರೊಜೆಕ್ಟರ್ ಆಸೆ ಇದ್ದರೆ ಡಬ್ಬಿಯ ಮೇಲಿನ ಥ್ರೋ ರೇಷಿಯೊ ನೋಡಿ: 1.2 ಎಂದಿದ್ದರೆ ಎರಡು ಮೀಟರ್ ಅಗಲದ ಚಿತ್ರಕ್ಕೆ 2.4 ಮೀಟರ್ ದೂರ ಬೇಕು, ನಿಮ್ಮ ಮೂಲೆಯಲ್ಲಿ ಅಷ್ಟಿದೆಯೇ? ಹಗಲಲ್ಲಿ ಹೇಗೂ ಏನೂ ಕಾಣದು.

ಉಸ್ತುವಾರಿ ಹೆಚ್ಚಿಲ್ಲ. ಒಂದೇ ಬದಿ ತಗ್ಗಾಗದಂತೆ ಫೋಮನ್ನು ಆಗಾಗ ಮಗುಚಿ ಹಾಕಿ, ಕವರುಗಳನ್ನು ಒಗೆಯಿರಿ. ಹತ್ತಿ ತುಂಬಿದ ದಿಂಬುಗಳನ್ನು ಬಿಸಿಲಿಗೆ ಹಾಕಿ, ಮತ್ತೆ ಉಬ್ಬುತ್ತವೆ. ಫೋಮನ್ನು ಮಾತ್ರ ನೆರಳಲ್ಲೇ ಗಾಳಿಗೆ ಒಡ್ಡಬೇಕು, ಬಿಸಿಲು ತಾಗಿದರೆ ಹಳದಿಗಟ್ಟಿ ಪುಡಿಯಾಗುತ್ತದೆ.